ಚೆಂಡಿಗೆ ಕಾವು ಕೂತ ಚುಕ್ಕಿ

ಹೂಂ ಅನ್ನೋರೆಲ್ಲ ಮುಂದೆ ಕೂತ್ಕೊಳ್ಳಿ. ಹೂಂ ನಿಂತರೆ ಕಥೆಯೂ ನಿಂತೀತು.

ಹೊನ್ನಿ ಅಂತ ಒಬ್ಬಳು ಹುಡುಗಿ. ಅವಳ ಹತ್ತಿರ ಒಂದು ಬಿಳೀ ರಬ್ಬರ್ ಚೆಂಡು. ಇಡೀ ಕೇರಿಗೆ ಅದೊಂದೇ ಚೆಂಡು. ಚೆಂಡು ಯಾರದೋ, ಲಗೋರಿಯಲ್ಲಿ ಮೊದಲ ಹೊಡೆತ ಅವರದು. ಅದಕ್ಕೇ ಹೊನ್ನಿ ಅದನ್ನು ಯಾರಿಗೂ ಸಿಗದ ಹಾಗೆ ಬಚ್ಚಿಟ್ಟಳು. ಎಲ್ಲಿ? ಕೋಳಿ ಬುಟ್ಟಿಯಲ್ಲಿ. ಬುದ್ಧಿವಂತೆ!

ಬೆಳಗ್ಗೆ ನೋಡಿದರೆ ಚುಕ್ಕಿ ಕೋಳಿ ಚೆಂಡಿನ ಮೇಲೆ ಕಾವು ಕೂತಿದೆ. ಮೈ ಉಬ್ಬಿಸಿದೆ. ಕಣ್ಣು ಅರ್ಧ ಮುಚ್ಚಿದೆ.

"ಚುಕ್ಕಿ, ಅದು ಮೊಟ್ಟೆ ಅಲ್ಲ ಕಣೇ. ಚೆಂಡು!"

"ಕೊರ್ರ್! ನೀನೇನು ಮೊಟ್ಟೆ ಇಟ್ಟು ನೋಡಿದ್ದೀಯಾ? ಇಪ್ಪತ್ತೊಂದು ದಿನ ನಾನು ಏಳೊಲ್ಲ. ದಿನಕ್ಕೊಂದು ಸಲ ಮೇವಿಗೆ ಏಳ್ತೀನಿ. ಇವತ್ತಿಂದು ಆಗ್ಲೇ ಮುಗೀತು."

ಹೊನ್ನಿ ಕೈ ಹಾಕಿದಳು. ಟಕ್! ಚುಕ್ಕಿ ಕುಕ್ಕಿತು.

ಸಂಜೆಗೆ ಲಗೋರಿ ಇದೆ. ಚೆಂಡು ಬೇಕೇ ಬೇಕು. ಹೊನ್ನಿ ಬೂದ ನಾಯಿಯ ಹತ್ತಿರ ಹೋದಳು.

"ಬೂದ, ಬೂದ,
ಚುಕ್ಕಿ ಬುಟ್ಟಿ ಬಿಟ್ಟು ಏಳೊಲ್ಲ.
ನನ್ನ ಚೆಂಡು ನನಗೆ ಸಿಗೊಲ್ಲ!
ಒಂದು ಸಲ ಬೊಗಳೋ."

"ಗೋಣಿಚೀಲ ಈಗಷ್ಟೇ ಬೆಚ್ಚಗಾಗಿದೆ," ಅಂತು ಬೂದ. "ನಾನು ಏಳೊಲ್ಲ."

ಹೊನ್ನಿ ಅಜ್ಜಿಯ ಹತ್ತಿರ ಹೋದಳು. ಅಜ್ಜಿ ಜಗಲಿ ಮೇಲೆ ಕಾಲು ಚಾಚಿ ಕೂತಿದ್ದಳು.

"ಅಜ್ಜಿ, ಅಜ್ಜಿ,
ಬೂದ ಗೋಣಿ ಬಿಟ್ಟು ಏಳೊಲ್ಲ.
ಚುಕ್ಕಿ ಬುಟ್ಟಿ ಬಿಟ್ಟು ಏಳೊಲ್ಲ.
ನನ್ನ ಚೆಂಡು ನನಗೆ ಸಿಗೊಲ್ಲ!
ಬೂದನ್ನ ಎಬ್ಬಿಸಜ್ಜಿ."

"ಮಂಡಿ ಮಡಚೋಕೇ ಆಗ್ತಿಲ್ಲ ಕಣೇ ತಾಯಿ," ಅಂದಳು ಅಜ್ಜಿ. "ರೇಷನ್ ಅಂಗಡಿ ತೆಗೀಲಿ. ಆಗ ಏಳ್ತೀನಿ. ಅಲ್ಲೀವರೆಗೂ ಏಳೊಲ್ಲ."

ಹೊನ್ನಿ ರೇಷನ್ ಅಂಗಡಿಗೆ ಹೋದಳು. ಅಂಗಡಿಯ ತಿಪ್ಪೇಶಣ್ಣ ಮುಚ್ಚಿದ ಬಾಗಿಲ ಮುಂದೆ ಸ್ಟೂಲು ಹಾಕಿ ಕೂತಿದ್ದ.

"ತಿಪ್ಪೇಶಣ್ಣ, ತಿಪ್ಪೇಶಣ್ಣ,
ಅಜ್ಜಿ ಜಗಲಿ ಬಿಟ್ಟು ಏಳೊಲ್ಲ.
ಬೂದ ಗೋಣಿ ಬಿಟ್ಟು ಏಳೊಲ್ಲ.
ಚುಕ್ಕಿ ಬುಟ್ಟಿ ಬಿಟ್ಟು ಏಳೊಲ್ಲ.
ನನ್ನ ಚೆಂಡು ನನಗೆ ಸಿಗೊಲ್ಲ!
ಅಂಗಡಿ ತೆಗಿಯಣ್ಣ."

"ಸರ್ವರ್ ಇಲ್ಲಮ್ಮ," ಅಂದ ತಿಪ್ಪೇಶಣ್ಣ, ಹಲ್ಲಿಗೆ ಕಡ್ಡಿ ಹಾಕುತ್ತ. "ಬೇಕಾದ್ರೆ ಪಂಚಾಯ್ತಿ ಅಧ್ಯಕ್ಷರು ಬಂದು ಹೇಳಲಿ. ಅಲ್ಲೀವರೆಗೂ ಏಳೊಲ್ಲ."

ಹೊನ್ನಿ ಪಂಚಾಯ್ತಿ ಆಫೀಸಿಗೆ ಹೋದಳು. ಅಧ್ಯಕ್ಷರು ಕುರ್ಚಿಯಲ್ಲಿ ಕೂತಿದ್ದರು.

"ಅಧ್ಯಕ್ಷರೇ, ಅಧ್ಯಕ್ಷರೇ,
ತಿಪ್ಪೇಶಣ್ಣ ಸ್ಟೂಲು ಬಿಟ್ಟು ಏಳೊಲ್ಲ.
ಅಜ್ಜಿ ಜಗಲಿ ಬಿಟ್ಟು ಏಳೊಲ್ಲ.
ಬೂದ ಗೋಣಿ ಬಿಟ್ಟು ಏಳೊಲ್ಲ.
ಚುಕ್ಕಿ ಬುಟ್ಟಿ ಬಿಟ್ಟು ಏಳೊಲ್ಲ.
ನನ್ನ ಚೆಂಡು ನನಗೆ ಸಿಗೊಲ್ಲ!
ನೀವಾದ್ರೂ ಏಳಿ."

"ಅಯ್ಯಯ್ಯೋ!" ಅಂದರು ಅಧ್ಯಕ್ಷರು. "ಎಷ್ಟು ಕಷ್ಟಪಟ್ಟು ಗಿಟ್ಟಿಸಿರೋ ಕುರ್ಚಿ ಇದು. ಎದ್ದರೆ ಇನ್ಯಾರೋ ಬಂದು ಕೂತ್ಕೋತಾರೆ. ಊಟಕ್ಕೊಂದು ಬಿಟ್ಟು ಯಾತಕ್ಕೂ ನಾನು ಏಳೊಲ್ಲ."

ಹೊನ್ನಿ ಅವರನ್ನೇ ನೋಡಿದಳು. ಮೈ ಉಬ್ಬಿಸಿದ್ದಾರೆ. ಕಣ್ಣು ಅರ್ಧ ಮುಚ್ಚಿದ್ದಾರೆ. ಎಲ್ಲೋ ನೋಡಿದ ಹಾಗಿದೆಯಲ್ಲ!

ಬಾಗಿಲಲ್ಲಿ ಅಧ್ಯಕ್ಷರ ಚಪ್ಪಲಿ ಇತ್ತು. ಹೊನ್ನಿ ಅದರ ಮೇಲೆ ಕೂತಳು. ಲಂಗ ಉಬ್ಬಿಸಿದಳು. ಕಣ್ಣು ಅರ್ಧ ಮುಚ್ಚಿದಳು.

ಮಧ್ಯಾಹ್ನ ಆಯಿತು. ಊಟದ ಹೊತ್ತು.

"ಏಳಮ್ಮ ಮಗಾ. ಚಪ್ಪಲಿ ಬೇಕು."

"ಕೊರ್ರ್! ಇಪ್ಪತ್ತೊಂದು ದಿನ ನಾನು ಏಳೊಲ್ಲ."

"ಬಿಸಿಲು ಕಣೇ! ಕಾಲು ಸುಡುತ್ತೆ!"

"ದಾರೀಲಿ ತಿಪ್ಪೇಶಣ್ಣನಿಗೆ ಒಂದು ಮಾತು ಹೇಳ್ತೀರಾ?"

"ಹೇಳ್ತೀನಿ ಮಾರಾಯ್ತಿ, ಏಳು!"

ಅಧ್ಯಕ್ಷರು ಕುರ್ಚಿ ಬಿಟ್ಟು ಎದ್ದರು.

ಅಧ್ಯಕ್ಷರನ್ನು ಕಂಡು ತಿಪ್ಪೇಶಣ್ಣ ಸ್ಟೂಲು ಬಿಟ್ಟು ಎದ್ದ. ಸರ್ವರ್ ತಕ್ಷಣ ಬಂತು!

ಅಂಗಡಿ ಬಾಗಿಲು ಕಿರ್ ಅಂದಿದ್ದೇ ತಡ, ಅಜ್ಜಿ ಜಗಲಿ ಬಿಟ್ಟು ಎದ್ದಳು. ಮಂಡಿ ಚೆನ್ನಾಗೇ ಮಡಚಿತು. ಅಕ್ಕಿಗೆ ಚೀಲ ಬೇಡವೇ? ಬೂದನ ಕೆಳಗಿಂದ ಸರ್ರನೆ ಎಳೆದಳು.

ಬೂದ ಗೋಣಿ ಬಿಟ್ಟು ಎದ್ದ. ಸಿಟ್ಟು ಬಂತು. ಅಜ್ಜಿ ಮೇಲೆ ಬೊಗಳೋಕಾಗುತ್ತಾ? ಹೋಗಿ ಕೋಳಿ ಮೇಲೆ ಬೊಗಳಿದ. ಬೌ!

ಚುಕ್ಕಿ ಬುಟ್ಟಿ ಬಿಟ್ಟು ಎದ್ದಿತು. ಹಾರಿತು. ಬೇಲಿಯಾಚೆ ಓಡಿತು.

ಹೊನ್ನಿಯ ಚೆಂಡು ಹೊನ್ನಿಗೆ ಸಿಕ್ಕಿತು. ಬೆಚ್ಚಗಿತ್ತು. ಮರಿ ಮಾತ್ರ ಆಗಿರಲಿಲ್ಲ.

ಸಂಜೆ ಲಗೋರಿಯಲ್ಲಿ ಮೊದಲ ಹೊಡೆತ ಹೊನ್ನಿಯದೇ. ಏಳು ಬಿಲ್ಲೆಯೂ ದಡದಡ ಬಿದ್ದವು.

ಅತ್ತ ಅಧ್ಯಕ್ಷರು ಉಂಡು, ತೇಗಿ, ಆಫೀಸಿಗೆ ಬಂದರು. ನೋಡಿದರೆ ಕುರ್ಚಿಯಲ್ಲಿ ಚುಕ್ಕಿ! ಕುರ್ಚಿ ಇನ್ನೂ ಬೆಚ್ಚಗಿತ್ತಲ್ಲ.

"ಏಳೇ! ಅದು ನನ್ನ ಕುರ್ಚಿ!"

"ಕೊರ್ರ್! ಇಪ್ಪತ್ತೊಂದು ದಿನ ನಾನು ಏಳೊಲ್ಲ."

ಅವತ್ತಿಂದ ಪಾಪ, ಅಧ್ಯಕ್ಷರು ಓಡಾಡಿಕೊಂಡೇ ಊರಿನ ಕೆಲಸ ಮಾಡ್ತಿದ್ದಾರೆ. ಊರವರು ದಿನಾ ಹೋಗಿ ಚುಕ್ಕಿಯ ಮುಂದೆ ಒಂದು ಹಿಡಿ ನುಚ್ಚು ಹಾಕಿ ಬರ್ತಾರೆ.

ಮೇವಿಗೂ ಏಳದೇ ಇರಲಿ ಅಂತ.