ನೇಕಾರರ ಓಣಿಯ ಬನವ್ವ ತಲೆ ಎತ್ತಿದ್ದು

ಬಹಳ ಹಿಂದೆ, ಕೆಂಪುಕಲ್ಲಿನ ಗುಡ್ಡದ ಬುಡದ ಒಂದೂರಿನಲ್ಲಿ, ನೇಕಾರರ ಓಣಿಯೊಳಗೆ ಬನವ್ವ ಅಂತ ಒಬ್ಬಾಕೆ ಇದ್ದಳಂತೆ. ಯಾವ ಕಾಲ ಅಂತ ಕೇಳಬೇಡಿ. ಹೇಳುತ್ತ ಬಂದ ಹಿರಿಯರಿಗೂ ಅದು ಗೊತ್ತಿರಲಿಲ್ಲ.

ಆ ಓಣಿಯಲ್ಲಿ ಮನೆಮನೆಗೂ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಮಗ್ಗದ ಮೇಲೆ ಬಾಗಿ, ಬೆಳಗಿನಿಂದ ಬೈಗಿನವರೆಗೆ ಲಾಳಿ ಎಸೆಯಬೇಕು. ಬನವ್ವ ಹುಡುಗಿಯಾಗಿದ್ದಾಗ ಕುಣಿಗೆ ಇಳಿದವಳು, ಗಂಡ ತೀರಿಕೊಂಡ ಮೇಲೂ ಇಳಿದಳು, ಮಗನ ಮದುವೆಯ ಮರುದಿನವೂ ಇಳಿದಳು. ಅವಳು ನೇಯ್ದ ಸೆರಗು ನೋಡಲು ದೂರದ ಊರಿನವರು ಬರುತ್ತಿದ್ದರಂತೆ. ಸೀರೆ ಬೆಳೆದಂತೆ ಬೆನ್ನು ಬಾಗಿತು. ಕಡೆಗೆ ಎದ್ದು ನಿಂತರೂ ಕುಣಿಯಲ್ಲಿ ಕೂತ ಹಾಗೇ ಕಾಣುತ್ತಿದ್ದಳು. ಆಕಾಶ ಹೋಗಲಿ, ಎದುರಿಗೆ ನಿಂತವರ ಮುಖವೂ ಅವಳಿಗೆ ಕಾಣುತ್ತಿರಲಿಲ್ಲ. ಜನರನ್ನು ಪಾದ ನೋಡಿ ಗುರುತು ಹಿಡಿಯುತ್ತಿದ್ದಳು. ಇದು ಒಡೆದ ಹಿಮ್ಮಡಿಯ ಗೌಡರ ಹೆಂಡತಿ, ಇದು ಕಾಲುಂಗುರ ಸವೆದ ನನ್ನ ಸೊಸೆ ಚೌಡವ್ವ.

ಸೊಸೆಯ ಮೇಲೆ ಬನವ್ವನದು ಬಿಗಿ ಕೈ. ಚೌಡವ್ವನ ಲಾಳಿಯ ಸದ್ದು ನಿಂತರೆ ಸಾಕು, ಒಳಗಿನಿಂದ "ಯಾಕ ನಿಂತಿ?" ಅಂತ ಕೂಗು ಬರುತ್ತಿತ್ತು.

ಒಂದು ಸಲ ಊರ ಹೊರಗಿನ ಹನುಮಪ್ಪನ ಗುಡಿಗೆ ಒಬ್ಬ ಮುದಿ ಜೋಗಿ ಬಂದು ಇಳಿದ. ಬನವ್ವ ಅವನಿಗೆ ರೊಟ್ಟಿ ಒಯ್ದು ಪಾದದ ಮುಂದಿಟ್ಟಳು.

"ಮುಖ ನೋಡಿ ಕೊಡವ್ವ," ಅಂದ ಜೋಗಿ.

"ಬೆನ್ನು ಬಿಡಂಗಿಲ್ರೀ ಅಜ್ಜಾರ. ನಿಮ್ಮ ಕಾಲು ಕಂಡಾವು, ಅಷ್ಟ ಸಾಕು."

"ಬಿಡಿಸಬೇಕಂತ ಅನಿಸಿಲ್ಲೇನು?"

"ಈ ವಯಸ್ಸಿನ್ಯಾಗ?" ಬನವ್ವ ನಕ್ಕಳು.

ಜೋಗಿ ನಗಲಿಲ್ಲ. "ಉಸಿರು ಆಡಾಕತ್ತೈತಲ್ಲ," ಅಂದ.

ಗುಡಿಯ ಕಲ್ಲುಹಾಸಿನ ಮೇಲೆ ಅಂಗಾತ ಮಲಗು ಅಂದ. ಬನವ್ವನ ತಲೆ ನೆಲಕ್ಕೆ ತಾಗಲಿಲ್ಲ. ಹಳೆ ಸೀರೆಯೊಂದನ್ನು ಮಡಿಕೆ ಹಾಕಿ ತಲೆಯ ಕೆಳಗಿಟ್ಟುಕೋ, ಮೈ ಒಗ್ಗಿದ ಹಾಗೆ ಒಂದೊಂದೇ ಮಡಿಕೆ ತೆಗೆಯುತ್ತ ಹೋಗು ಅಂದ. ಉಸಿರನ್ನು ಹೊಟ್ಟೆಯ ತಳಕ್ಕೆ ಎಳೆದುಕೋ, ಎಳೆದದ್ದಕ್ಕಿಂತ ನಿಧಾನ ಬಿಡು, ಮೈ ಬೇಡ ಅಂದಲ್ಲಿ ನಿಲ್ಲಿಸು ಅಂದ. ಮಂಡಿಯೂರಿ ಬೆಕ್ಕಿನ ಹಾಗೆ ಬೆನ್ನು ಏರಿಸಿ ಇಳಿಸುವುದನ್ನು ತೋರಿಸಿದ. ಗೋಡೆಗೆ ಅಂಗೈ ಊರಿ ಮೆಲ್ಲಗೆ ಮೇಲಕ್ಕೆ ಹತ್ತಿಸುವುದನ್ನು ತೋರಿಸಿದ. ಒಂದು ದಿನ ಹೇಳದೆ ಕೇಳದೆ ಗುಡ್ಡ ಹತ್ತಿ ಹೋಗಿಬಿಟ್ಟ.

ಬನವ್ವ ಬಿಡಲಿಲ್ಲ. ದಿನಾ ಬೆಳಗಾದರೆ ಪಡಸಾಲೆಯಲ್ಲಿ ಮಲಗಿ ಉಸಿರು ಎಳೆಯುವಳು, ಗೋಡೆಗೆ ಅಂಗೈ ಹತ್ತಿಸುವಳು. ಓಣಿಗೆ ಓಣಿಯೇ ನಕ್ಕಿತಂತೆ. ಮುದುಕಿ ಹಲ್ಲಿಯ ಹಾಗೆ ಗೋಡೆ ಹತ್ತುತ್ತಾಳೆ ಅಂದರಂತೆ. ಸುಡುಗಾಡಿಗೆ ಹೋಗುವ ಹೊತ್ತಿಗೆ ಯೋಗ ಕಲಿಯಲು ಹೊರಟಿದ್ದಾಳೆ ಅಂದರಂತೆ. ಮಗ ಸಂಗಪ್ಪನಿಗೂ ನಾಚಿಕೆ. ಬಾಗಿಲಾದರೂ ಮುಚ್ಚಿಕೋ ಅಂದ. ನಗದೆ ಇದ್ದವಳು ಚೌಡವ್ವ ಒಬ್ಬಳೇ. ಅತ್ತೆ ಏಳುವ ಮೊದಲೇ ಬಂದು ಪಡಸಾಲೆಯಲ್ಲಿ ಆ ಮಡಿಕೆ ಸೀರೆ ಸರಿಮಾಡಿಟ್ಟು, ಹೋಗಿ ಕುಣಿಗೆ ಇಳಿಯುವಳು.

ಚಳಿಗಾಲ ಬಂತು. ಮೈ ಮರಗಟ್ಟಿತು. ಒಂದು ಮುಂಜಾನೆ ಗೋಡೆಯಿಂದ ಕೈ ಜಾರಿ ಬಿದ್ದ ಬನವ್ವ, ನನಗೇನು ಹುಚ್ಚು ಹಿಡಿದಿದೆ ಅಂತ ತನ್ನನ್ನೇ ಬೈದುಕೊಂಡು ಸೀರೆಯನ್ನು ಮೂಲೆಗೆ ಎಸೆದಳಂತೆ. ಮರುದಿನ ಎದ್ದು ನೋಡಿದರೆ ಸೀರೆ ಪಡಸಾಲೆಯಲ್ಲಿ ಮೊದಲಿನ ಜಾಗದಲ್ಲೇ ಇತ್ತು. ಯಾರೋ ಒಂದು ಮಡಿಕೆ ಹೆಚ್ಚಿಗೆ ಹಾಕಿದ್ದರು. ಬನವ್ವ ಅದರ ಮೇಲೆ ತಲೆಯಿಟ್ಟು ಮಲಗಿ ಉಸಿರು ಎಳೆದುಕೊಂಡಳು.

ಎಷ್ಟು ಕಾಲ ಹಿಡಿಯಿತೋ. ಒಂದು ವರ್ಷ ಅನ್ನುವವರಿದ್ದಾರೆ, ನಾಲ್ಕು ಅನ್ನುವವರೂ ಇದ್ದಾರೆ. ಒಂದು ಬೆಳಿಗ್ಗೆ ಕೊನೆಯ ಮಡಿಕೆಯನ್ನೂ ತೆಗೆದಾಗ ಅವಳ ತಲೆ ಪಡಸಾಲೆಯ ಕಲ್ಲಿಗೆ ತಾಗಿತು. ಕಲ್ಲು ತಣ್ಣಗಿತ್ತು. ಬನವ್ವ ಬಹಳ ಹೊತ್ತು ಹಾಗೇ ಮಲಗಿ ಮೇಲಿನ ಜಂತಿ ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದಳು. ಕೈ ಬಿಟ್ಟಳು. ನಿಂತಳು. ಮಗ್ಗದ ಕೋಣೆಗೆ ಹೋಗಿ "ಚೌಡವ್ವಾ" ಅಂದಳು.

ಸೊಸೆ ತಲೆ ಎತ್ತಿದಳು. ಎತ್ತಲು ಅವಳು ಮಗ್ಗದ ಕಟ್ಟಿಗೆ ಹಿಡಿಯಬೇಕಾಯಿತು.

ಬನವ್ವನ ನೆನಪಿನಲ್ಲಿದ್ದದ್ದು ಅರಿಸಿನ ಹಚ್ಚಿದ ಎಳೆಯ ಮುಖ. ಇಲ್ಲಿ ಕೂತವಳ ಕೆನ್ನೆ ಒಳಗೆ ಹೋಗಿತ್ತು, ಬೈತಲೆ ನರೆತಿತ್ತು. ಕತ್ತಿನ ಕೆಳಗೆ ಬೆನ್ನು ಬಾಗತೊಡಗಿತ್ತು, ಬನವ್ವನದು ಮೊದಮೊದಲು ಎಲ್ಲಿ ಬಾಗಿತ್ತೋ ಅಲ್ಲೇ.

"ಯಾವಾಗ ಬೆಳ್ಳಗಾತವ್ವ ನಿನ್ನ ಕೂದಲಾ?"

"ಭಾಳ ದಿನ ಆತ್ರೀ ಅತ್ತಿ," ಅಂದಳು ಚೌಡವ್ವ. "ನೀವು ಕೆಳಗ ನೋಡ್ತಿದ್ರಿ."

ದೂರು ಹೇಳುವ ದನಿ ಅದಲ್ಲ. ಅದಕ್ಕೇ ಬನವ್ವನ ಕಣ್ಣು ತುಂಬಿತು. ಅವಳು ಕೈ ಚಾಚಿದಳು.

"ಮ್ಯಾಲ ಬಾ."

ಮಗ್ಗದ ಮೇಲೆ ದೇಸಾಯರ ಮನೆಯ ಮದುವೆ ಸೀರೆ ಅರ್ಧಕ್ಕೆ ನಿಂತಿತ್ತು. ಸಂಗಪ್ಪ ಓಡಿ ಬಂದ. ದೇಸಾಯರಿಗೆ ಏನು ಹೇಳಲಿ ಅಂತ ಹಣೆ ಚಚ್ಚಿಕೊಂಡ.

"ನಮ್ಮವ್ವ ಬ್ಯಾಡ ಅಂದ್ಲು ಅಂತ ಹೇಳು. ಈಕಿ ನನ್ನಂಗ ಮುದುಡಿಕೊಂಡ್ರ, ಬಿಡಿಸಾಕ ಮತ್ತ ಆ ಜೋಗಿ ಬರ್ತಾನೇನು?" ಅಂದಳು ಬನವ್ವ.

ಅವತ್ತು ಅತ್ತೆ ಸೊಸೆ ಒಂದೇ ಗೋಡೆಗೆ ಅಂಗೈ ಊರಿ ನಿಂತರು. ಮಾರನೆಯ ದಿನ ಪಕ್ಕದ ಮನೆಯ ಸೊಸೆ ಬಂದಳು, ಆಮೇಲೆ ಅವಳ ಅತ್ತೆ. ನಕ್ಕವರೂ ಸೊಂಟ ಹಿಡಿದುಕೊಂಡು ಬಂದರು. ದೇಸಾಯರ ಮದುವೆ ಬೇರೆ ಸೀರೆಯಲ್ಲಿ ಆಯಿತು. ಆ ಮನೆಯವರು ಮತ್ತೆ ಬನವ್ವನ ಬಾಗಿಲಿಗೆ ಬರಲಿಲ್ಲ ಅಂತಾರೆ.

ಮುಂದೆ ಜನ ಏನೇನೋ ಕಟ್ಟಿದರು. ಬನವ್ವ ಕಂಬದ ಹಾಗೆ ನೆಟ್ಟಗಾದಳಂತೆ, ಗುಡಿಯ ಕಟ್ಟೆಯ ಮೇಲೆ ತಲೆಕೆಳಗಾಗಿ ನಿಲ್ಲುತ್ತಿದ್ದಳಂತೆ, ಪದ್ಮಾಸನದಲ್ಲಿ ಕೂತೇ ಪ್ರಾಣ ಬಿಟ್ಟಳಂತೆ. ಅವಳ ಮನೆತನದವರು ಮಾತ್ರ ಬೇರೆ ಹೇಳುತ್ತಾರೆ. ಪೂರ್ತಿ ನೆಟ್ಟಗಾಗಲೇ ಇಲ್ಲವಂತೆ. ಎದುರಿಗೆ ಬಂದವರ ಕಣ್ಣು ಕಾಣುವಷ್ಟು ಆಗಿದ್ದಳಂತೆ.

ಈಗಲೂ ಆ ಓಣಿಯಲ್ಲಿ ಹೊತ್ತೇರುವಾಗ ಎಲ್ಲ ಮಗ್ಗದ ಸದ್ದೂ ಒಮ್ಮೆಲೇ ನಿಲ್ಲುತ್ತದೆ. ಊರಿಗೆ ಹೊಸದಾಗಿ ಬಂದವರು, ಯಾರೋ ಸತ್ತರೇನೋ ಅಂತ ಗಾಬರಿ ಬೀಳುತ್ತಾರೆ. ಅತ್ತೆಯಂದಿರು ಕುಣಿಯ ಬದಿಗೆ ಬಂದು ಸೊಸೆಯರಿಗೆ ಕೈ ಕೊಟ್ಟು ಮೇಲೆತ್ತುತ್ತಾರೆ. ಹೆಣ್ಣು ಕೊಡಲು ಬಂದವರು ಮೊದಲು ಗಂಡಿನ ಮನೆಯ ಪಡಸಾಲೆಯ ಗೋಡೆ ನೋಡುತ್ತಾರಂತೆ. ಸುಣ್ಣದ ಮೇಲೆ ಎದೆಮಟ್ಟದಿಂದ ತಲೆಯ ಮೇಲಿನವರೆಗೆ ಅಂಗೈಯ ಗುರುತು ಕಂಡರೆ ಮಾತು ಮುಂದುವರಿಸುತ್ತಾರೆ. ಗೋಡೆ ಬೆಳ್ಳಗೆ ಹೊಳೆಯುತ್ತಿದ್ದರೆ, ನೀರು ಕುಡಿದು ಎದ್ದು ಹೋಗುತ್ತಾರೆ.