ತುಂಡು ಹಗ್ಗದ ಉಗ್ರಾಣ

“ಗುರುಗಳೇ, ಡಿಸ್ಕಿನಲ್ಲಿ ಒಂದು ಬೈಟೂ ವ್ಯರ್ಥವಾಗದಂತೆ ಕಡತಗಳನ್ನು ಜೋಡಿಸಿದ್ದೇನೆ. ದೊಡ್ಡ ಕಡತವನ್ನು ಚೂರು ಮಾಡಿ, ಎಲ್ಲೆಲ್ಲಿ ಸಂದು ಉಳಿದಿದೆಯೋ ಅಲ್ಲೆಲ್ಲ ತುಂಬಿದ್ದೇನೆ. ಆದರೆ ಓದಲು ಹೊರಟರೆ ಯಂತ್ರ ತಿಣುಕುತ್ತದೆ. ಇದೇಕೆ?” ಎಂದು ಪದ್ಮಿನಿ ಕೇಳಿದಳು.

ಅವಳಿಗೆ ಕಂಪ್ಯೂಟರ್ ವಿದ್ಯೆ ಕಲಿಸುತ್ತಿದ್ದ ಗುರುಗಳು ಒಂದು ಕತೆ ಹೇಳಿದರು.

ಒಂದು ದೊಡ್ಡ ಹೊಳೆ. ದೋಣಿ ದಾಟುವ ಕಡವಿನಲ್ಲಿ ಒಂದು ಉಗ್ರಾಣ. ದೋಣಿಗಳಿಗೆ ಬೇಕಾದ ಹಗ್ಗವೆಲ್ಲ ಅಲ್ಲಿರುತ್ತಿತ್ತು. ಅದನ್ನು ನೋಡಿಕೊಳ್ಳಲು ಹೊಸ ಉಗ್ರಾಣಿಯೊಬ್ಬ ಬಂದ. ಹಗ್ಗದ ಸುರುಳಿಗಳ ನಡುವೆ ಜಾಗ ಖಾಲಿ ಬಿದ್ದಿರುವುದನ್ನು ಕಂಡು ಅವನ ಜೀವ ಚುರುಕ್ಕೆಂದಿತು. ಉದ್ದದ ಹಗ್ಗಗಳನ್ನು ಕತ್ತರಿಸಿ ಸಂದುಗೊಂದುಗಳಲ್ಲೆಲ್ಲ ತುರುಕಿದ. ಹೊರಗೆ ಬಿಸಿಲಿಗೆ ಬಿದ್ದಿದ್ದ ಹಗ್ಗವೂ ಒಳಗೆ ಸೇರಿತು. ಸೂಜಿ ಊರಲೂ ಎಡೆಯಿಲ್ಲದ ಉಗ್ರಾಣವನ್ನು ನೋಡಿ ಅವನು ಹಿಗ್ಗಿ ಹೀರೇಕಾಯಿಯಾದ.

ಒಂದು ದಿನ ನೆರೆ ನುಗ್ಗಿತು. ಜನ ತುಂಬಿದ ದೋಣಿಯೊಂದು ನಡುಹೊಳೆಯ ಬಂಡೆಗೆ ಸಿಕ್ಕಿಕೊಂಡಿತು. ಅದರಲ್ಲಿ ಉಗ್ರಾಣಿಯ ತಂಗಿಯೂ ಇದ್ದಳು.

“ಹಗ್ಗ ತಾರಯ್ಯ! ಬಂಡೆ ಮುಟ್ಟುವಷ್ಟು ಉದ್ದದ್ದು!” ಎಂದು ದಡದಲ್ಲಿದ್ದ ಅಂಬಿಗನೊಬ್ಬ ಕೂಗಿದ.

“ಬೇಕಾದಷ್ಟಿದೆ, ಈಗಲೇ ತರುತ್ತೇನೆ!” ಎನ್ನುತ್ತ ಉಗ್ರಾಣಿ ಒಳಗೆ ಓಡಿದ.

ಹಗ್ಗವೇನೋ ಬೇಕಾದಷ್ಟಿತ್ತು. ಆದರೆ ಒಂದು ತುಂಡು ಸೂರಿನಡಿಯಲ್ಲಿ, ಇನ್ನೊಂದು ಹುಟ್ಟುಗಳ ಹಿಂದೆ, ಮತ್ತೊಂದು ಎಲ್ಲೋ ತಳದಲ್ಲಿ. ಕಾಲಿಡಲು ದಾರಿಯಿಲ್ಲ. ಒಂದನ್ನು ಎಳೆದರೆ ಉಳಿದವು ಮೈಮೇಲೆ ಬಿದ್ದವು. ಸಿಕ್ಕಿದ್ದನ್ನು ಸಿಕ್ಕ ಹಾಗೆ ಹೊರಗೆ ಎಸೆದ. ಅಂಬಿಗ ಗಂಟು ಹಾಕುತ್ತ ಹೋದ. ದೋಣಿಯ ಹಲಗೆ ಸೀಳುವ ಸದ್ದು ಉಗ್ರಾಣದೊಳಗೂ ಕೇಳಿಸಿತು.

ಅಂತೂ ಗಂಟುಗಂಟಿನ ಹಗ್ಗ ಬಂಡೆ ಮುಟ್ಟಿತು. ಅದನ್ನು ಹಿಡಿದು ಒಬ್ಬೊಬ್ಬರಾಗಿ ಎಲ್ಲರೂ ದಡ ಸೇರಿದರು. ತಂಗಿ ನೆಲಕ್ಕೆ ಕಾಲಿಟ್ಟಳೋ ಇಲ್ಲವೋ, ದೋಣಿ ಹೋಳಾಗಿ ಕೊಚ್ಚಿಹೋಯಿತು. ಉಗ್ರಾಣಿ ನಗುತ್ತ ಅಳುತ್ತ ಅವಳನ್ನು ತಬ್ಬಿಕೊಂಡ.

ನೆರೆ ಇಳಿದ ಮೇಲೆ ಅವನು ಅಂಬಿಗರನ್ನೆಲ್ಲ ಕೂರಿಸಿಕೊಂಡು, ಯಾವ ಕೆಲಸಕ್ಕೆ ಎಷ್ಟು ಉದ್ದದ್ದು ಬೇಕು, ಯಾವುದು ಕೂಡಲೇ ಕೈಗೆ ಸಿಗಬೇಕು ಎಂದು ಕೇಳಿದ. ಉದ್ದದ ಹೊಸ ಹಗ್ಗಗಳನ್ನು ಇಡಿಯಾಗಿ ಸುತ್ತಿ ಬಾಗಿಲ ಬಳಿ ಇಟ್ಟ. ತುಂಡುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಒತ್ತಾಗಿ ತುಂಬಿದ. ನಡುವೆ ಓಡಾಡಲು ದಾರಿ ಬಿಟ್ಟ. ಒಂದಿಷ್ಟು ಜಾಗ ಹೋಯಿತು. ಅದಕ್ಕೆ ಅವನು ಮರುಗಲಿಲ್ಲ.

ಪದ್ಮಿನಿ ಕುಳಿತಲ್ಲಿಂದ ಎದ್ದೇಬಿಟ್ಟಳು. “ತಿಳಿಯಿತು ಗುರುಗಳೇ! ಇನ್ನು ಸಣ್ಣ ಕಡತಕ್ಕೂ ದೊಡ್ಡ ಜಾಗವನ್ನೇ ಕೊಡುತ್ತೇನೆ. ಡಿಸ್ಕು ಅರ್ಧ ಖಾಲಿ ಉಳಿದರೂ ಚಿಂತೆಯಿಲ್ಲ, ಓಟ ಮಿಂಚಿನಂತಿರಬೇಕು!”

ಗುರುಗಳು ಅವಳನ್ನೇ ನೋಡಿದರು.

“ಎಷ್ಟು ಹಿಡಿಯುತ್ತದೆ ಎಂದು ನಿನ್ನೆ ನೋಡಿದೆ, ಎಷ್ಟು ವೇಗ ಎಂದು ಇಂದು ನೋಡುತ್ತಿರುವೆ, ಯಾರಿಗೆ ಏನು ಬೇಕು ಎಂದು ಯಾವಾಗ ಕೇಳುವೆ?”

ಪದ್ಮಿನಿ ಮತ್ತೆ ಕುಳಿತಳು. ಯಾವ ಕಡತ ಯಾರಿಗೆ ಬೇಕು ಎಂದು ಪಟ್ಟಿ ಮಾಡತೊಡಗಿದಳು.