ಚಾಟಿಯ ಗೀರಿಗೆ ಕೈಮುಗಿದವರು

"ಗುರುಗಳೇ, ಇಂದು ಸಂತೆಯಲ್ಲಿ ಒಬ್ಬ ಅಂಗಡಿಯವನು ತನ್ನ ಕೆಲಸದ ಹುಡುಗಿಯನ್ನು ಕೂದಲು ಹಿಡಿದು ಹೊಡೆಯುತ್ತಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ. ನನಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಕೋಪವನ್ನು ಗೆದ್ದೆನೆಂದು ತಿಳಿಯಬಹುದೇ?" ಎಂದು ಶಿಷ್ಯ ಕೇಳಿದ. ಅವನ ಮುಖದಲ್ಲಿ ಹೆಮ್ಮೆಯಿತ್ತು.

ಗುರುಗಳು ಅವನನ್ನೇ ದಿಟ್ಟಿಸಿ ನೋಡಿದರು. "ಕೂತುಕೋ" ಎಂದರು. ದನಿ ಗಡುಸಾಗಿತ್ತು. ಆಮೇಲೆ ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಕೆಲಸಕ್ಕೆ ಬಾರದೆಂದು ಜನ ಕೈಬಿಟ್ಟ ಕುದುರೆಗಳಿಗೆ ಅವನು ಊರಾಚೆ ಒಂದು ಆಶ್ರಯ ಕಟ್ಟಿಸಿದ್ದ. ಒಂದು ದಿನ ಒಬ್ಬ ಜಟಕಾದವನು, ನಡುಬೀದಿಯಲ್ಲಿ ಕುಸಿದು ಬಿದ್ದ ತನ್ನ ಹೆಣ್ಣುಕುದುರೆಗೆ ಚಾಟಿಯಿಂದ ಬಾರಿಸುತ್ತಿದ್ದ. ವರ್ತಕ ಅದನ್ನು ತನಗೆ ಕೊಡೆಂದ. "ಧಾರಾಳವಾಗಿ ತಗೊಂಡು ಹೋಗಿ ಸ್ವಾಮಿ, ಹೂಳೋ ಕೆಲಸವಾದರೂ ತಪ್ಪಿತು" ಎಂದು ಜಟಕಾದವನು ಹೊರಟುಹೋದ.

ಆಶ್ರಯದಲ್ಲಿ ಕುದುರೆ ಚೇತರಿಸಿಕೊಂಡಿತು. ಅದು ಗಬ್ಬವಾಗಿದೆಯೆಂದು ಆಗ ತಿಳಿಯಿತು. ಯಾರು ಮುಟ್ಟಿದರೂ ಅದು ಕಾಲೆತ್ತುತ್ತಿರಲಿಲ್ಲ, ತಲೆಯನ್ನೂ ಕೊಡವುತ್ತಿರಲಿಲ್ಲ. ಹೊಡೆತ ತಿಂದು ತಿಂದು ಅದರ ಜೀವ ಸೋತಿತ್ತು. ವರ್ತಕ ಅದನ್ನೇ ತಾಳ್ಮೆ ಎಂದುಕೊಂಡ, ಮಹಾ ಬುದ್ಧಿವಂತ! ಬಂದವರಿಗೆಲ್ಲ ಅದರ ಬೆನ್ನಿನ ಗೀರುಗಳನ್ನು ತೋರಿಸಿ, "ಇಷ್ಟು ಹೊಡೆಸಿಕೊಂಡರೂ ಯಾರ ಮೇಲೂ ಹಗೆಯಿಲ್ಲ, ಸಾಧ್ವಿ" ಎನ್ನುತ್ತಿದ್ದ. ಜನ ಆ ಗೀರುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೈಮುಗಿಯುತ್ತಿದ್ದರು. ಹೊಡೆದವನು ಯಾರು ಎಂದು ಒಬ್ಬನೂ ಕೇಳಲಿಲ್ಲ.

ಒಂದು ಮುಂಜಾನೆ ಕುದುರೆ ಮರಿ ಹಾಕಿತು. ಮರಿ ನಾಲ್ಕು ಕಾಲೂರಿ ನಿಲ್ಲಲು ಕಲಿಯುವಷ್ಟರಲ್ಲಿ ಜಟಕಾದವನು ಸುದ್ದಿ ತಿಳಿದು ಹಗ್ಗ ಹಿಡಿದು ಬಂದ. ಸೊಂಟದಲ್ಲಿ ಅದೇ ಚಾಟಿ ಇತ್ತು.

"ನಾನು ಕೊಟ್ಟಿದ್ದು ಕುದುರೆ ಮಾತ್ರ. ಹೊಟ್ಟೇಲಿದ್ದದ್ದನ್ನ ಕೊಟ್ಟಿಲ್ಲ. ಮರಿ ನಂದು" ಎಂದ.

ಅದು ಅನ್ಯಾಯವೆಂದು ವರ್ತಕನಿಗೆ ಗೊತ್ತಿತ್ತು. ಮರಿಯ ಗತಿ ಏನಾದೀತೆಂದೂ ಗೊತ್ತಿತ್ತು. ಆದರೆ ಸುತ್ತ ಜನ ಸೇರಿದ್ದರು. ಶಾಂತ ಸ್ವಭಾವದವನೆಂಬ ಹೆಸರು ಅವನಿಗೆ ಮರಿಗಿಂತ ದೊಡ್ಡದಾಯಿತು. "ಜಗಳ ಬೇಡಪ್ಪ, ತಗೊಂಡು ಹೋಗು" ಎಂದು ಪಕ್ಕಕ್ಕೆ ಸರಿದ. ಥೂ!

ಜಟಕಾದವನು ಮರಿಯ ಕೊರಳಿಗೆ ಹಗ್ಗ ಹಾಕಿ ಎಳೆದ. ಮರಿ ಮುಗ್ಗರಿಸಿತು. ಕುದುರೆ ಅವನ ಹೆಗಲಿಗೆ ಬಾಯಿ ಹಾಕಿ ಕಚ್ಚಿ ನೆಲಕ್ಕೆ ಕೆಡವಿತು. ಅವನು ಏಳುತ್ತಿದ್ದಂತೆ ತಿರುಗಿ ಹಿಂಗಾಲಿನಿಂದ ಒದೆಯಿತು. ಅವನು ಹಗ್ಗ, ಚಾಟಿ ಎರಡನ್ನೂ ಬಿಟ್ಟು ಕುಂಟುತ್ತ ಓಡಿದ.

"ಅಯ್ಯೋ, ಎಷ್ಟು ಸಾಧುವಾಗಿದ್ದೆಯಲ್ಲೇ! ಹೀಗೇಕೆ ಕೆಟ್ಟೆ?" ಎನ್ನುತ್ತ ವರ್ತಕ ಅದರ ಮೈದಡವಲು ಹೋದ. ಕುದುರೆ ಮರಿಗೆ ಅಡ್ಡ ನಿಂತು, ಕಿವಿಗಳನ್ನು ಹಿಂದಕ್ಕೆ ಒತ್ತಿ, ಅವನಿಗೂ ಹಲ್ಲು ತೋರಿಸಿತು. ಮತ್ತೆಂದೂ ಅವನನ್ನು ಮರಿಯ ಹತ್ತಿರ ಬಿಡಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಶಿಷ್ಯ, "ಮರಿ ಉಳಿಯಿತೇ, ಗುರುಗಳೇ?" ಎಂದ.

"ಮರಿ ಉಳಿಯಿತು, ನೀನು ಬಿಟ್ಟುಬಂದ ಆ ಹುಡುಗಿ ಏನಾದಳು?"